ಉಪವಾಸವೇ ಕಾಯುತ್ತದೆ, ನಾವು ಕಾಯಬಾರದೇ?

(ಜುಮಾ ಪ್ರವಚನದ ಸಾರಾಂಶ)



ಉಪವಾಸದಿಂದ ತನಗೋ ಗರ್ಭದ ಶಿಶುವಿಗೋ ತೊಂದರೆಯಾದೀತೆಂಬ ಭಯವಿದ್ದರೆ ಗರ್ಭಿಣಿಯು ರಮಝಾನಿನ ಉಪವಾಸವನ್ನು ಮುಂದೂಡಬಹುದು. ಇದು ಶರೀಅತ್ ನೀಡಿದ ರಿಯಾಯಿತಿ. ಇನ್ನೂ ಹುಟ್ಟದ ಮಗುವಿಗಾಗಿ ಇಸ್ಲಾಮಿನ ಒಂದು ಸ್ತಂಭವೇ ಕಾಯುತ್ತದೆ ಎಂದಾದರೆ, ಆ ಮಗುವಿನ ತಂದೆಯ ಹೊಣೆ ಎಷ್ಟಿರಬೇಕು?

ಹಳೆ ಬ್ಯಾಟರಿ ಒಡೆಯುವವರು, ಬೆಸುಗೆ ಹಾಕುವವರು, ಹಳೆ ಪೇಂಟ್ ಕೆರೆಯುವವರು ನಮ್ಮ ಸಫ್‌ಗಳಲ್ಲೇ ಇದ್ದಾರೆ. ಅವರ ದುಡಿಮೆ ಹಲಾಲ್. ಆದರೆ ಅಂಗಿ, ಕೂದಲು, ಚಪ್ಪಲಿಗೆ ಅಂಟಿದ ಸೀಸದ ಧೂಳು ಕೂಲಿಯ ಜೊತೆ ಮನೆಗೆ ಬರುತ್ತದೆ. ಆ ಅಂಗಿಯನ್ನು ಕೊಡವಿ ಒಗೆಯುವವಳು ನಿಮ್ಮ ಗರ್ಭಿಣಿ ಪತ್ನಿ.

ದೇಹವು ಸೀಸವನ್ನು ಕ್ಯಾಲ್ಸಿಯಂನಂತೆಯೇ ಎಲುಬಿನಲ್ಲಿ ಕೂಡಿಡುತ್ತದೆ. ಅಲ್ಲಿ ಅದು ದಶಕಗಳ ಕಾಲ ಉಳಿಯಬಲ್ಲದು. ಮಗುವಿನ ಎಲುಬು ಬೆಳೆಯುವಾಗ ತಾಯಿಯ ಎಲುಬಿನಿಂದ ಕ್ಯಾಲ್ಸಿಯಂ ಹೊರಡುತ್ತದೆ. ಜೊತೆಗೆ ಹಳೆಯ ಸೀಸವೂ ಹೊರಡುತ್ತದೆ. ಮಾಸು ಅದನ್ನು ತಡೆಯಲಾರದು. ಗರ್ಭಪಾತ, ಅವಧಿಗೆ ಮುನ್ನ ಹೆರಿಗೆ, ಶಿಶುವಿನ ತೂಕ ಕಡಿಮೆಯಾಗುವುದು, ಇವುಗಳ ಅಪಾಯ ಹೆಚ್ಚುತ್ತದೆ. ಮೆದುಳಿಗೆ ಬಿದ್ದ ಪೆಟ್ಟು ಹುಟ್ಟಿದ ದಿನ ಕಾಣದೆ, ಮುಂದೆ ಮಗು ಶಾಲೆಗೆ ಹೋದಾಗ ಕಾಣಬಹುದು. ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇನ್ನು ಸುರ್ಮಾ. ಸುನ್ನತ್ತಿನ ಪ್ರೀತಿಯಿಂದ ಬಾಣಂತಿಗೂ ಹಸುಗೂಸಿಗೂ ಹಚ್ಚುತ್ತೇವೆ. ಹದೀಸ್‌ಗಳಲ್ಲಿ ಬರುವ ಇಸ್ಮಿದ್ ಎಂದರೆ ಆಂಟಿಮನಿ ಎಂದೇ ಸಾಮಾನ್ಯವಾಗಿ ಅರ್ಥೈಸುತ್ತಾರೆ. ಇಂದು ಮಾರುವ ಎಷ್ಟೋ ಸುರ್ಮಾಗಳು ಸೀಸದ ಅದಿರಿನ ಪುಡಿ. ಮಗು ಕಣ್ಣುಜ್ಜಿದ ಕೈಯನ್ನೇ ಬಾಯಿಗಿಡುತ್ತದೆ. ಅದರಲ್ಲಿ ಏನಿದೆಯೆಂದು ತಿಳಿಯದೆ ಹಚ್ಚುವುದು ಸುನ್ನತ್ತಿನ ಗೌರವವಲ್ಲ.

ಕೆಲಸದ ಜಾಗದಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ. ಕೆಲಸದ ಬಟ್ಟೆಯನ್ನು ನೀವೇ ಬೇರೆಯಾಗಿ ಒಗೆಯಿರಿ. ಪೇಂಟ್‌ನಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಗೋಡೆಯನ್ನು ಪತ್ನಿ ಗರ್ಭಿಣಿಯಾಗಿರುವಾಗ ಈದ್‌ಗೆಂದು ಕೆರೆಯಬೇಡಿ. ಅವಳಿಗೆ ಹಾಲು, ರಾಗಿ, ಸೊಪ್ಪು ತಪ್ಪಿಸಬೇಡಿ. ಕ್ಯಾಲ್ಸಿಯಂ, ಕಬ್ಬಿಣ ಕಡಿಮೆಯಾದರೆ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. ನಿಮ್ಮ ಕೆಲಸ ಏನೆಂದು ವೈದ್ಯರಿಗೆ ತಿಳಿಸಿ, ರಕ್ತಪರೀಕ್ಷೆಯ ಬಗ್ಗೆ ಕೇಳಿ.

ಮಗು ಅಲ್ಲಾಹನ ಅಮಾನತ್ತು. ಹುಟ್ಟಿದ ಮೇಲೆ ಅದರ ಕಿವಿಯಲ್ಲಿ ಅದಾನ್ ಹೇಳುವ ನಾವು, ಹುಟ್ಟುವ ಮೊದಲೇ ಅದರ ಕಾವಲಿಗೆ ನಿಲ್ಲೋಣ. ಅಲ್ಲಾಹನು ನಮ್ಮ ಗರ್ಭಿಣಿಯರನ್ನೂ ಕೂಸುಗಳನ್ನೂ ಕಾಪಾಡಲಿ. ಆಮೀನ್.