ಡಬ್ಬಿಯ ಮೇಲೊಂದು ಹೆಸರು



ಕಳೆದ ನವರಾತ್ರಿಗೆ ಗೊಂಬೆ ಕೂರಿಸಲೆಂದು ಆನ್‌ಲೈನ್‌ನಲ್ಲಿ ‘ಚನ್ನಪಟ್ಟಣದ ಗೊಂಬೆ’ ತರಿಸಿದೆ. ಮಗಳು ಬಾಯಿಗಿಟ್ಟಳು; ತುಟಿಯೆಲ್ಲ ಕೆಂಪು! ಅಸಲಿ ಗೊಂಬೆ ಹೀಗೆ ಬಣ್ಣ ಬಿಡುವುದಿಲ್ಲ. ಆಲೆ ಮರದ ತುಂಡು ಲೇತ್‌ನಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕೊನೆಗೆ ಒಣಗರಿಯಿಂದ ತಿಕ್ಕಿದರೆ ಹೊಳಪು.

ಈ ಗೊಂಬೆಗೆ ಜಿಐ, ಅಂದರೆ ಭೌಗೋಳಿಕ ಸೂಚಕ ಮಾನ್ಯತೆ 2005-06ರಲ್ಲೇ ಸಿಕ್ಕಿದೆ. ಅದನ್ನು ಕೊಡುವ ಕಚೇರಿ ಎಲ್ಲಿದೆ ಗೊತ್ತೇ? ಇಲ್ಲೇ, ನಮ್ಮ ಗಿಂಡಿಯಲ್ಲಿ! ಆದರೂ ಆ ಹೆಸರಿನಲ್ಲಿ ಯಾರು ಏನು ಮಾರುತ್ತಾರೋ, ಕೊಳ್ಳುವ ನಮಗೆ ತಿಳಿಯುವುದು ಹೇಗೆ?

ರಜೆಯಲ್ಲಿ ಚನ್ನಪಟ್ಟಣಕ್ಕೇ ಹೋದೆ. ಹಿರಿಯ ಕುಶಲಕರ್ಮಿಯೊಬ್ಬರು, “ನಲವತ್ತು ವರ್ಷದಿಂದ ಮಾಡ್ತಿದೀನಮ್ಮ, ಒಂದು ಡಬ್ಬಿ ಮೇಲೂ ನನ್ನ ಹೆಸರಿಲ್ಲ” ಅಂದರು. ಎಂಟೆಕ್ ಓದಿ, ಪ್ರಾಡಕ್ಟ್ ಮೀಟಿಂಗ್‌ಗಳಲ್ಲಿ ದಿನವೂ ‘ಬ್ರ್ಯಾಂಡ್’ ಎನ್ನುವ ನನಗೆ ನಾಚಿಕೆಯಾಯಿತು. ಅವರ ಕೈಕೆಲಸದ ವಿಡಿಯೋ ತೆಗೆದೆ. ಮಗನಿಗೆ ಇನ್‌ಸ್ಟಾಗ್ರಾಂ ಪುಟ ಮಾಡಿಕೊಟ್ಟೆ. ಈಗ ಡಬ್ಬಿಯ ಮೇಲೆ ಅವರ ಹೆಸರಿದೆ, ಮರದ ಹೆಸರಿದೆ, ವಿಡಿಯೋ ತೋರಿಸುವ ಕ್ಯೂಆರ್ ಕೋಡ್ ಇದೆ. ಮೊದಲ ತಿಂಗಳು ಬಂದದ್ದು ಮೂರೇ ಆರ್ಡರ್. ಅದರಲ್ಲೊಂದು ನಮ್ಮ ಅತ್ತೆಯವರದು! ಈಗ ವಾರಕ್ಕೆ ನಾಲ್ಕೈದು ಬರುತ್ತಿವೆ. ಮಗ ಬೆಂಗಳೂರಿನ ಕೆಲಸಕ್ಕೆ ಹೋಗುವ ಮಾತನ್ನು ಸದ್ಯಕ್ಕೆ ಬಿಟ್ಟಿದ್ದಾನೆ.

ಈ ಸಲ ಕೊಲು ನೋಡಲು ಬರುವ ತಮಿಳು ಗೆಳತಿಯರಿಗೆ ತಾಂಬೂಲದ ಜೊತೆ ಚನ್ನಪಟ್ಟಣದ ಬುಗುರಿ ಕೊಡೋಣವೇ? ಆರ್ಡರ್ ನಾನು ಒಟ್ಟು ಮಾಡುತ್ತೇನೆ. ಒಂದು ತಿಂಗಳು ಮುಂಚೆ ಹೇಳಿ. ಅವರದು ಒಂದೇ ಲೇತ್.