ಒಂದು ಶೋ, ನಾಲ್ಕು ಟೇಪು

ಇವತ್ತಿನ ಸಂಚಿಕೆ ಪೂರ್ತಿ ಒಂದು ರಾಕ್ ಶೋ ಬಗ್ಗೆ. ಆದ್ರೆ ಹಾಡು ಒಂದನ್ನೂ ಹಾಕಲ್ಲ. ಕಾಪಿರೈಟ್ ತಕರಾರು ನನಗೆ ಬೇಡ. ಹೆಸರು ಹೇಳ್ತೀನಿ, ನೀವೇ ಹುಡುಕಿ ಕೇಳಿ. ಇಯರ್‌ಫೋನ್ ಹಾಕ್ಕೊಂಡು ಕೇಳಿ, ಫೋನಿನ ಸ್ಪೀಕರಲ್ಲಿ ನಾನು ಹೇಳೋ ವ್ಯತ್ಯಾಸ ಯಾವುದೂ ತಿಳಿಯೋದಿಲ್ಲ.

1978ರ ಜುಲೈ 7. ಲಾಸ್ ಏಂಜಲಿಸ್ ಕಡೆ ಸನ್‌ಸೆಟ್ ಬುಲವಾರ್ಡ್ ಅನ್ನೋ ರಸ್ತೆಯಲ್ಲಿ ರಾಕ್ಸಿ ಅಂತ ಒಂದು ಕ್ಲಬ್. ಐನೂರು ಜನ ಹಿಡಿಸೋ ಜಾಗ, ನಮ್ಮೂರಿನ ಸಣ್ಣ ಕಲ್ಯಾಣ ಮಂಟಪದಷ್ಟು ಅಂದ್ಕೊಳ್ಳಿ. ಅಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮತ್ತು ಇ ಸ್ಟ್ರೀಟ್ ಬ್ಯಾಂಡ್ ಹತ್ತಿರ ಹತ್ತಿರ ಮೂರು ಗಂಟೆ ಹಾಡಿದ್ರು. ಕೆಎಂಇಟಿ ಅನ್ನೋ ಎಫ್‌ಎಂ ಸ್ಟೇಷನ್ ಅದನ್ನ ನೇರ ಪ್ರಸಾರ ಮಾಡ್ತು. ಒಳಗೆ ಐನೂರು ಜನ, ಹೊರಗೆ ರೇಡಿಯೋ ಮುಂದೆ ಒಂದಿಡೀ ಊರು.

ಅದಕ್ಕೆ ಹಿನ್ನೆಲೆ ಸ್ವಲ್ಪ ಬೇಕು. 1975ರಲ್ಲಿ ‘ಬಾರ್ನ್ ಟು ರನ್’ ಬಂದು ಈ ಮನುಷ್ಯ ದೊಡ್ಡ ಹೆಸರಾದ. ಆಮೇಲೆ ಮ್ಯಾನೇಜರ್ ಜೊತೆ ಕೋರ್ಟ್ ಜಗಳ, ಸ್ಟುಡಿಯೋಗೆ ಹೋಗೋಕೆ ಅಡ್ಡಿ. ಮುಂದಿನ ಆಲ್ಬಂ ಬಂದಿದ್ದು 1978ರ ಜೂನ್‌ನಲ್ಲಿ. ಸುಮಾರು ಮೂರು ವರ್ಷ ಹೊಸ ರೆಕಾರ್ಡೇ ಇಲ್ಲ. ಹಾಗಾಗಿ ಆ ಟೂರಿನಲ್ಲಿ ಐದು ಸಲ ರೇಡಿಯೋದಲ್ಲಿ ನೇರ ಪ್ರಸಾರ ಇಟ್ಕೊಂಡ್ರು. ಲಾಸ್ ಏಂಜಲಿಸ್, ಕ್ಲೀವ್‌ಲ್ಯಾಂಡ್, ನ್ಯೂಜೆರ್ಸಿಯ ಪಸೇಯ್ಕ್, ಅಟ್ಲಾಂಟಾ, ಸ್ಯಾನ್ ಫ್ರಾನ್ಸಿಸ್ಕೋ. ರಾಕ್ಸಿಯದು ಅದರಲ್ಲಿ ಮೊದಲನೇದು. ಅವತ್ತು ಸ್ಟೇಜ್ ಮೇಲಿಂದಲೇ ಬೂಟ್‌ಲೆಗ್ ಮಾಡೋರಿಗೆ ‘ಟೇಪು ಶುರು ಮಾಡ್ಕೊಳ್ಳಿ’ ಅನ್ನೋ ಅರ್ಥದ ತಮಾಷೆ ಮಾತೂ ಆಡಿದ. ಬೂಟ್‌ಲೆಗ್ ಅಂದ್ರೆ ಕಲಾವಿದರ, ಕಂಪನಿಯ ಒಪ್ಪಿಗೆ ಇಲ್ಲದೆ ಹೊರಗೆ ಓಡಾಡೋ ರೆಕಾರ್ಡಿಂಗ್. ಮಜಾ ಏನಂದ್ರೆ ಮರುವರ್ಷ ಕಂಪನಿ ಜೊತೆ ಸೇರಿ ಬೂಟ್‌ಲೆಗ್ ಮಾರೋರ ಮೇಲೆ ಕೇಸ್ ಹಾಕಿದವನೂ ಇವನೇ. ನನಗೆ ಇದರಲ್ಲಿ ವಿರೋಧ ಏನೂ ಕಾಣಲ್ಲ. ಮನೇಲಿ ಕೂತು ಟೇಪ್ ಮಾಡ್ಕೊಳ್ಳೋದು ಬೇರೆ, ಅದನ್ನ ಎಲ್‌ಪಿ ಮಾಡಿ ಅಂಗಡೀಲಿ ಮಾರೋದು ಬೇರೆ.

ಸರಿ, ನಾನು ಇದರೊಳಗೆ ಹೇಗೆ ಬಿದ್ದೆ? ಬಿ.ಕಾಂ ಮುಗಿಸಿ ಜಿಎಸ್‌ಟಿ ರಿಟರ್ನ್ ಫೈಲ್ ಮಾಡೋ ಒಂದು ಆಫೀಸ್ ಸೇರಿದ್ದೆ. ತಿಂಗಳ ಇಪ್ಪತ್ತನೇ ತಾರೀಖಿನ ರಾತ್ರಿಗಳಲ್ಲಿ ನಿದ್ದೆ ಬರಬಾರದು ಅಂತ ಕೇಳ್ತಿದ್ದ ಹಾಡುಗಳಲ್ಲಿ ‘ಬ್ಯಾಕ್‌ಸ್ಟ್ರೀಟ್ಸ್’ ಒಂದು. ಆ್ಯಪ್‌ನಲ್ಲಿ ಸಿಕ್ಕಿದ್ದು 1986ರ ಬಾಕ್ಸ್ ಸೆಟ್‌ನ ಲೈವ್ ರೂಪ. ‘ಲೈವ್ 1975–85’ ಅಂತ, ಐದು ಎಲ್‌ಪಿ, ನಲವತ್ತು ಹಾಡು. ಅದರಲ್ಲಿರೋ ‘ಬ್ಯಾಕ್‌ಸ್ಟ್ರೀಟ್ಸ್’ ಇದೇ ರಾಕ್ಸಿ ರಾತ್ರಿಯದು. ಅದ್ಭುತ ಧ್ವನಿ. ಪಿಯಾನೋ ಪಕ್ಕದಲ್ಲೇ ಕೂತಂಗೆ.

ಆಮೇಲೆ ಒಬ್ಬ ಗೆಳೆಯನ ಹಾರ್ಡ್ ಡಿಸ್ಕಿನಲ್ಲಿ ಅದೇ ಶೋನ ಇನ್ನೊಂದು ಫೋಲ್ಡರ್ ಸಿಕ್ತು. ಯಾರೋ ಪುಣ್ಯಾತ್ಮ ಅವತ್ತು ಮನೆಯ ಡೆಕ್‌ನಲ್ಲಿ ಎಫ್‌ಎಂನಿಂದ ಕ್ಯಾಸೆಟ್‌ಗೆ ಇಳಿಸಿಕೊಂಡಿದ್ದು. ಹಿಂದೆ ಮಳೆ ಬಂದಂಗೆ ಸುಯ್ ಅನ್ನೋ ಸದ್ದು. ಒಂದು ನಿಮಿಷ ಕೇಳಿ ಮುಚ್ಚೋಣ ಅಂದ್ಕೊಂಡೆ. ‘ಬ್ಯಾಕ್‌ಸ್ಟ್ರೀಟ್ಸ್’ ಬಂತು. ಹಾಡಿನ ಮಧ್ಯೆ, ನನಗೆ ಬಾಯಿಪಾಠ ಆಗಿದ್ದ ಜಾಗದಲ್ಲಿ, ವಾದ್ಯಗಳು ಇಳಿದು ಬರೀ ಪಿಯಾನೋ ಉಳೀತು. ಅವನು ಅರ್ಧ ಹಾಡ್ತಾ ಅರ್ಧ ಮಾತಾಡ್ತಾ, ಬಿಟ್ಟು ಹೋದ ಯಾರದೋ ಹತ್ರ ಬೇಡ್ತಾ, ಬೈತಾ, ಮತ್ತೆ ಬೇಡ್ತಾ ನಿಮಿಷಗಟ್ಟಲೆ ನಿಂತ್‌ಬಿಟ್ಟ. ನಾನು ಎಕ್ಸೆಲ್ ಶೀಟ್ ಬಿಟ್ಟು ಸುಮ್ನೆ ಕೂತೆ. ಇದು ನಾನು ನೂರು ಸಲ ಕೇಳಿದ ಹಾಡು, ಆದ್ರೆ ಈ ಭಾಗ ನಾನು ಕೇಳೇ ಇರಲಿಲ್ಲ! 1986ರಲ್ಲಿ ಬಾಕ್ಸ್ ಸೆಟ್ ಮಾಡುವಾಗ ಇದನ್ನ ಕತ್ತರಿಸಿ, ಜೋಡಣೆ ಗೊತ್ತಾಗದ ಹಾಗೆ ಅಂಟಿಸಿದ್ರು.

ಅಲ್ಲಿಂದ ಶುರುವಾಯ್ತು ಹುಚ್ಚು. ಒಂದೇ ಶೋನ ನಾಲ್ಕು ರೂಪ ಕೂಡಿಹಾಕಿದೆ. 1986ರ ಬಾಕ್ಸ್ ಸೆಟ್‌ನ ಹಾಡುಗಳು, ಈ ಕ್ಯಾಸೆಟ್, ಯಾವುದೋ ಬೂಟ್‌ಲೆಗ್ ಸಿಡಿಯಿಂದ ಬಂದ ಎಂಪಿ3, ಕೊನೆಗೆ 2018ರಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದ ಪೂರ್ತಿ ಶೋ.

ಕಾಮರ್ಸ್ ಓದಿದೋರಿಗೆ ಇದು ಹೊಸ ಕೆಲಸ ಅಲ್ಲ. ಬ್ಯಾಂಕ್ ರಿಕನ್ಸಿಲಿಯೇಶನ್ ಸ್ಟೇಟ್‌ಮೆಂಟ್ ನೆನಪಿದೆಯಾ? ನಮ್ಮ ಕ್ಯಾಶ್ ಬುಕ್ ಒಂದು ಬ್ಯಾಲೆನ್ಸ್ ಹೇಳುತ್ತೆ, ಬ್ಯಾಂಕಿನ ಪಾಸ್ ಬುಕ್ ಇನ್ನೊಂದು ಹೇಳುತ್ತೆ. ವಹಿವಾಟು ಒಂದೇ. ವ್ಯತ್ಯಾಸ ಎಲ್ಲಿ ಹುಟ್ಟಿತು ಅಂತ ಒಂದೊಂದೇ ಎಂಟ್ರಿ ಟಿಕ್ ಮಾಡ್ತಾ ಹೋಗಬೇಕು. ಎರಡು ಟೇಪನ್ನ ಹೋಲಿಸೋದೂ ಹಾಗೇ.

ಮೊದಲು ವೇಗ ನೋಡಬೇಕು. ಹಳೇ ಡೆಕ್‌ಗಳ ಮೋಟಾರು ಒಂದೇ ವೇಗದಲ್ಲಿ ಓಡ್ತಿರಲಿಲ್ಲ. ಶೇಕಡಾ 3 ಜಾಸ್ತಿ ಓಡಿದ್ರೆ ಮೂರು ಗಂಟೆಯ ಶೋನಲ್ಲಿ ಐದು ನಿಮಿಷಕ್ಕೂ ಹೆಚ್ಚು ಮಾಯ, ಹಾಡಿನ ಶ್ರುತಿ ಅರ್ಧ ಸೆಮಿಟೋನ್ ಮೇಲೆ. ನನ್ನ ಎಂಪಿ3 ಪ್ರತಿಯಲ್ಲಿ ಎಲ್ಲರಿಗೂ ನೆಗಡಿ ವಾಸಿಯಾದಂಗೆ ಒಂಥರಾ ತೆಳು ದನಿ ಇತ್ತು, ಕಾರಣ ಇದೇ. ಸರಿ ಮಾಡೋಕೆ ಒಂದು ಉಪಾಯ ಇದೆ. ಕರೆಂಟಿನ ಗುಂಯ್ ಸದ್ದು ಹುಡುಕಿ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ನಮ್ಮಲ್ಲಿ 50. ಅಲ್ಲಿನ ಟೇಪಿನಲ್ಲಿ ಆ ಗುಂಯ್ 62ರ ಹತ್ರ ಕಂಡ್ರೆ ಟೇಪು ಜೋರಾಗಿ ಓಡಿದೆ ಅಂತ ಅರ್ಥ. ಆಮೇಲೆ ನಕಲು ಮಾಡುವಾಗ ಬೇರೆ ಮಷೀನಿನ ಗುಂಯ್ ಸೇರಿರಬಹುದು, ಅದಕ್ಕೇ ಪಿಯಾನೋ ಶ್ರುತಿಯನ್ನೂ ತಾಳೆ ನೋಡಬೇಕು.

ಮುಂದಿನದು ಗ್ಯಾಪ್. ಸಿ-90 ಕ್ಯಾಸೆಟ್ಟು ಅಂದ್ರೆ ಒಂದು ಬದಿಗೆ 45 ನಿಮಿಷ. ಹಾಡುವವನಿಗೆ ಅದು ಗೊತ್ತಿಲ್ಲ, ಅವನ ಪಾಡಿಗೆ ಹಾಡ್ತಾನೆ. ನನ್ನ ಪ್ರತೀಲಿ ಒಂದು ಹಾಡಿನ ನಡುವೆ ಟಕ್ ಅಂತ ಸದ್ದು, ಅರೆಕ್ಷಣ ಖಾಲಿ, ಆಮೇಲೆ ಹಾಡು ಎಲ್ಲೋ ಮುಂದೆ ಹೋಗಿರುತ್ತೆ. ಆ ಟಕ್ ನನಗೆ ತುಂಬಾ ಇಷ್ಟ. ಕ್ಯಾಸೆಟ್ ಮಗುಚಿ ಹಾಕೋಕೆ ಎದ್ದು ಓಡಿದ ಆ ಮನುಷ್ಯನ ಕೈ ಅದು.

ಇನ್ನು ಫೋನಲ್ಲಿ ಕೇಳೋ ನಮ್ಮಂಥೋರಿಗೆ ಮುಖ್ಯವಾದ ವಿಷಯ, ಮೋಸ ಕಂಡುಹಿಡಿಯೋದು. ಎಂಪಿ3 ಫೈಲನ್ನೇ ಫ್ಲ್ಯಾಕ್ ಆಗಿ ಬದಲಿಸಿ ‘ಒರಿಜಿನಲ್ ಕ್ವಾಲಿಟಿ’ ಅಂತ ಹಂಚೋರು ಬೇಕಾದಷ್ಟು ಜನ ಇದ್ದಾರೆ. ಸೈಜು ದೊಡ್ಡದಾಗುತ್ತೆ, ಒಳಗಿನ ಹೂರಣ ಅದೇ. ಫೈಲನ್ನ ಯಾವುದಾದ್ರೂ ಉಚಿತ ಎಡಿಟರ್‌ನಲ್ಲಿ ತೆಗೆದು ಸ್ಪೆಕ್ಟ್ರೋಗ್ರಾಂ ನೋಡಿ. ಯಾವ ಎತ್ತರದ ಧ್ವನಿ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸೋ ಚಿತ್ರ ಅದು. ಸ್ಟೀರಿಯೋ ಎಫ್‌ಎಂ ಪ್ರಸಾರದಲ್ಲಿ ಸಂಗೀತ 15 ಕಿಲೋಹರ್ಟ್ಸ್‌ಗೆ ನಿಲ್ಲುತ್ತೆ. ಯಾಕಂದ್ರೆ 19 ಕಿಲೋಹರ್ಟ್ಸ್‌ನಲ್ಲಿ ‘ಇದು ಸ್ಟೀರಿಯೋ’ ಅಂತ ರೇಡಿಯೋಗೆ ಹೇಳೋ ಒಂದು ಪೈಲಟ್ ಟೋನ್ ಇರುತ್ತೆ, ಅದರ ಹತ್ರ ಹೋಗೋ ಹಾಗಿಲ್ಲ. 128 ಕೆಬಿಪಿಎಸ್ ಎಂಪಿ3 ಸಾಮಾನ್ಯವಾಗಿ 16ರ ಸುಮಾರಿಗೆ ಕತ್ತರಿಸುತ್ತೆ. 15, 16, ಎರಡೂ ಅಕ್ಕಪಕ್ಕ. ಹಾಗಾದ್ರೆ ಅಸಲಿ ಎಫ್‌ಎಂ ಟೇಪು ಯಾವುದು, ಎಂಪಿ3 ಯಾವುದು? ನಾನು ಮೊದಲು ಇಲ್ಲೇ ಏಮಾರಿದ್ದು. ಉತ್ತರ ಆ ಸುಯ್ ಸದ್ದಿನಲ್ಲಿದೆ. ಸುಯ್ ಅನ್ನೋದು ಟೇಪಿನದು, ರೇಡಿಯೋದ್ದಲ್ಲ. ಅಸಲಿ ಟೇಪಾದ್ರೆ ಸಂಗೀತ 15ಕ್ಕೆ ನಿಂತರೂ ಸುಯ್ ಮೇಲಕ್ಕೂ ಮಂಜಿನ ಹಾಗೆ ಹರಡಿರುತ್ತೆ. ಎಂಪಿ3 ಆದ್ರೆ ಸುಯ್ ಕೂಡ ಕತ್ತಿಯಲ್ಲಿ ಕೊಯ್ದಂಗೆ ನಿಂತಿರುತ್ತೆ. ಅಂದ್ರೆ, ನಾವು ಯಾವುದನ್ನ ಕಸ ಅಂತೀವೋ ಅದೇ ಇಲ್ಲಿ ಸಾಕ್ಷಿ.

ಇನ್ನೊಂದು ಇದೆ, ಲಿಮಿಟರ್. ಸದ್ದು ಒಂದು ಮಟ್ಟ ಮೀರದ ಹಾಗೆ ಸ್ಟೇಷನ್ನಿನಲ್ಲಿ ಅದುಮಿ ಹಿಡೀತಾರೆ. ದೊಡ್ಡದನ್ನ ತಗ್ಗಿಸಿದಾಗ ಸಣ್ಣದು ತಾನಾಗಿ ಮೇಲೆ ಬರುತ್ತೆ. ‘ಬ್ಯಾಕ್‌ಸ್ಟ್ರೀಟ್ಸ್’ ಮಧ್ಯೆ ಅವನು ಪಿಸುಗುಟ್ಟೋ ಹೊತ್ತಲ್ಲಿ ಕ್ಯಾಸೆಟ್ಟಲ್ಲಿ ಜನರ ಗದ್ದಲ ಉಬ್ಬಿ ಬರುತ್ತೆ, ಇಡೀ ಕ್ಲಬ್ಬೇ ಉಸಿರಾಡಿದಂಗೆ. 2018ರದ್ದು ಮಲ್ಟಿಟ್ರ್ಯಾಕ್ ಟೇಪಿನಿಂದ ಹೊಸದಾಗಿ ಮಿಕ್ಸ್ ಮಾಡಿದ್ದು. ಪ್ರತಿ ವಾದ್ಯಕ್ಕೂ ಬೇರೆ ಟ್ರ್ಯಾಕ್. ಅಲ್ಲಿ ಮೌನ ಅಂದ್ರೆ ಮೌನವೇ. ತಾಂತ್ರಿಕವಾಗಿ ಅದೇ ಸರಿ, ಹಾಡಿನ ಆ ಮಧ್ಯಭಾಗವೂ ಪೂರ್ತಿ ಇದೆ. ದುಡ್ಡು ಕೊಟ್ಟು ತಗೊಂಡೆ, ನೀವೂ ತಗೊಳ್ಳಿ. ಆದ್ರೆ 1986ರಿಂದ 2018ರವರೆಗೆ, 32 ವರ್ಷ, ಅಂಗಡೀಲಿ ಅಧಿಕೃತವಾಗಿ ಸಿಗ್ತಿದ್ದಿದ್ದು ಕತ್ತರಿ ಹಾಕಿದ ಹಾಡು. ಪೂರ್ತಿ ಹಾಡು ಉಳಿದಿದ್ದು ಜನರ ಮನೆಯ ಕ್ಯಾಸೆಟ್ಟುಗಳಲ್ಲಿ. ಅಷ್ಟೇ ಅಲ್ಲ. ಅವತ್ತು ಹಾಡಿದ ‘ಇಂಡಿಪೆಂಡೆನ್ಸ್ ಡೇ’, ‘ಪಾಯಿಂಟ್ ಬ್ಲ್ಯಾಂಕ್’ ಎರಡೂ ಆಲ್ಬಂ ಆಗಿ ಬಂದಿದ್ದು 1980ರಲ್ಲಿ. ಟೇಪ್ ಮಾಡ್ಕೊಂಡೋರ ಹತ್ರ ಎರಡು ವರ್ಷ ಮೊದಲೇ ಇದ್ವು.

ಇನ್ನೊಂದು ಕಡೆ ನೋಡಿ, ಅಧಿಕೃತ ಟೇಪೇ ಇಲ್ಲ. ಲೆಡ್ ಜೆಪ್ಪೆಲಿನ್ 1969ರ ಮಾರ್ಚ್‌ನಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್‌ಗೆ ಮೂರು ಹಾಡು ರೆಕಾರ್ಡ್ ಮಾಡಿತ್ತು. ಅದರಲ್ಲಿ ‘ಸನ್‌ಶೈನ್ ವುಮನ್’ ಅನ್ನೋದು ಅವರ ಯಾವ ಸ್ಟುಡಿಯೋ ಆಲ್ಬಂನಲ್ಲೂ ಇಲ್ಲ. ಬಿಬಿಸಿಯ ಮೂಲ ಟೇಪು ಉಳೀಲಿಲ್ಲ. 2016ರಲ್ಲಿ ‘ದಿ ಕಂಪ್ಲೀಟ್ ಬಿಬಿಸಿ ಸೆಷನ್ಸ್’ ತಂದಾಗ ಬ್ಯಾಂಡಿನವರು ಹಾಕಿದ್ದು ಯಾರೋ ಕೇಳುಗ ರೇಡಿಯೋದಿಂದ ಇಳಿಸಿಕೊಂಡಿದ್ದ ಟೇಪು. ಧ್ವನಿ ಡಬ್ಬದೊಳಗಿಂದ ಬಂದಂಗಿದೆ. ಇರೋದು ಅದೊಂದೇ.

ಇದನ್ನೆಲ್ಲ ಇಷ್ಟು ಜೋರಾಗಿ ಹೇಳ್ತಿದ್ದೀನಲ್ಲ, ನಾನು ಮಾಡಿದ್ದು ಏನು ಗೊತ್ತಾ?

ಈ ಪಾಡ್‌ಕಾಸ್ಟಿನ ಮೂರನೇ ಸಂಚಿಕೆ ಕೆಲವರಿಗೆ ನೆನಪಿರಬಹುದು, ನಮ್ಮ ಅಜ್ಜಂದು. ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನಲ್ಲಿ ದುಡಿದವರು. ಎರಡು ಗಂಟೆ ಮಾತಾಡಿದ್ರು. ಮೇಲೆ ಫ್ಯಾನು, ಅಡುಗೆಮನೇಲಿ ಕುಕ್ಕರ್ ಸೀಟಿ, ಬೀದೀಲಿ ಸೊಪ್ಪಿನವಳ ಕೂಗು. ಆಗ ನಾನು ಹೊಸದಾಗಿ ನಾಯ್ಸ್ ರಿಡಕ್ಷನ್ ಕಲ್ತಿದ್ದೆ. ಫ್ಯಾನ್ ತೆಗೆದೆ, ಸೀಟಿ ತೆಗೆದೆ. ‘ಟ್ರಂಕೇಟ್ ಸೈಲೆನ್ಸ್’ ಒತ್ತಿದೆ, ಅಜ್ಜ ಮಾತಿನ ನಡುವೆ ನಿಲ್ಲಿಸ್ತಿದ್ದ ಜಾಗ ಎಲ್ಲ ಹೋಯ್ತು. ಕೆಮ್ಮನ್ನ ಕೈಯಾರೆ ಒಂದೊಂದೇ ಕತ್ತರಿಸಿದೆ. 34 ನಿಮಿಷದ ನೀಟಾದ ಸಂಚಿಕೆ. ಲ್ಯಾಪ್‌ಟಾಪ್ ತುಂಬಿತ್ತು, ಮೂಲ ಫೈಲನ್ನ ಡಿಲೀಟ್ ಮಾಡಿದೆ. ರಿಸೈಕಲ್ ಬಿನ್ನೂ ಖಾಲಿ ಮಾಡಿದೆ. ಲೆಕ್ಕಪತ್ರದ ವೋಚರ್ ಒಂದನ್ನ ವರ್ಷಗಟ್ಟಲೆ ಎತ್ತಿಡಬೇಕು ಅಂತ ಕ್ಲೈಂಟ್‌ಗಳಿಗೆ ದಿನಾ ಹೇಳೋನು ನಾನು.

ಹೋದ ವರ್ಷ ಅಜ್ಜ ತೀರಿಕೊಂಡ್ರು. ಹದಿಮೂರನೇ ದಿನ ಆ ಸಂಚಿಕೆ ಎಲ್ರಿಗೂ ಕೇಳಿಸಿದೆ. ಅಜ್ಜಿ ಸ್ವಲ್ಪ ಹೊತ್ತು ಕೇಳಿ, ‘ಇದ್ಯಾಕಪ್ಪಾ, ಇಷ್ಟು ಗಡಿಬಿಡಿಲಿ ಮಾತಾಡ್ತಾರೆ? ಅವ್ರು ಹಿಂಗೆ ಮಾತಾಡ್ತಿದ್ದಿಲ್ವಲ್ಲ’ ಅಂದ್ರು.

ರಾಕ್ಸಿ ಟೇಪಿನ ಹಿಂದೆ ತಿಂಗಳುಗಟ್ಟಲೆ ಬಿದ್ದವನಿಗೆ ಆಗಲೇ ಹೊಳೀಬೇಕಿತ್ತು. ಹೊಳೆದಿದ್ದು ಈ ಸಂಚಿಕೆಗೆ ಸಿದ್ಧ ಮಾಡ್ಕೊಳ್ತಿದ್ದಾಗ. ರೆಕಾರ್ಡ್ ಮಾಡಿದ ದಿನ ಹುಬ್ಬಳ್ಳಿಯ ಅತ್ತೆಗೆ ಸ್ವಲ್ಪ ಭಾಗ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದೆ. ಫೋನ್ ಮಾಡಿದೆ. ‘ಅತ್ತೆ, ಅಜ್ಜನ ಆಡಿಯೋ ಇನ್ನೂ ಐತಾ?’ ಅಂದೆ. ‘ಐತಪ್ಪಾ, ಸ್ಟಾರ್ ಹಾಕಿ ಇಟ್ಕೊಂಡೀನಿ, ರಾತ್ರಿ ಒಮ್ಮೊಮ್ಮೆ ಹಚ್ಚಿ ಕೇಳ್ತೀನಿ’ ಅಂದ್ರು.

ಏಳು ನಿಮಿಷ ಇದೆ. ಸ್ಪೆಕ್ಟ್ರೋಗ್ರಾಂನಲ್ಲಿ ಹಾಕಿ ನೋಡಿದೆ, ಮೇಲಿನ ಭಾಗ ಎಲ್ಲ ಕೊಯ್ದು ಹೋಗಿದೆ. ಫ್ಯಾನ್ ಇದೆ. ಕುಕ್ಕರ್ ಇದೆ. ಮಿಲ್ಲು ಮುಚ್ಚಿದ ದಿನದ ಬಗ್ಗೆ ನಾನು ಕೇಳ್ತೀನಿ. ಅಜ್ಜ ಹನ್ನೊಂದು ಸೆಕೆಂಡು ಸುಮ್ನಿದ್ದು, ಕೆಮ್ಮಿ, ಆಮೇಲೆ ‘ಹ್ಞೂಂ’ ಅಂತಾರೆ. ನನ್ನ ಸಂಚಿಕೆಯಲ್ಲಿ ಆ ‘ಹ್ಞೂಂ’ ಪ್ರಶ್ನೆಯ ಬಾಲಕ್ಕೇ ಅಂಟಿಕೊಂಡಿದೆ.

ಆ ಏಳು ನಿಮಿಷವನ್ನ ಏನೂ ಮುಟ್ಟದೆ ಮೂರನೇ ಸಂಚಿಕೆಯ ಕೆಳಗೆ ಹಾಕಿದ್ದೀನಿ. ಮುಂದಿನ ವಾರ ಸಿಗೋಣ. ನಿಮ್ಮ ಮನೇಲಿ ಹಳೇ ಕ್ಯಾಸೆಟ್ ಏನಾದ್ರೂ ಇದ್ರೆ ಪ್ಲೇ ಮಾಡೋ ಮೊದಲು ಒಂದು ಪೆನ್ಸಿಲ್ ಹಾಕಿ ನಿಧಾನಕ್ಕೆ ಸುತ್ತಿ ನೋಡಿ. ಟೇಪು ಅಂಟಿಕೊಂಡಿದ್ರೆ ಡೆಕ್ಕಿಗೆ ಹಾಕಿದ ತಕ್ಷಣ ಕಿತ್ತು ಹೋಗುತ್ತೆ.