ಇನ್ನೊಂದು ವರ್ಷ ದುಡಿಯೋಣವೇ, ಈಗಲೇ ಬಿಡೋಣವೇ?

(ಬೆಳ್ಳಿಹಬ್ಬದ ಅಂಗವಾಗಿ ಟಿ. ದಾಸರಹಳ್ಳಿಯಲ್ಲಿ ಸೇರಿದ್ದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಸಾಧನೆಯನ್ನು ಹೇಳುವ ಹಿರಿಯರು ವೇದಿಕೆಯ ಮೇಲೆ ಇದ್ದಾರೆ. ನಮಗೆ ಒಪ್ಪಿಸಿರುವ ವಿಷಯ ಬೇರೆ. ಇಪ್ಪತ್ತೈದು ವರ್ಷದ ಹಿಂದೆ ಮೂವತ್ತರ ಪ್ರಾಯದಲ್ಲಿ ಷೇರು ಕಟ್ಟಿ ಸದಸ್ಯರಾದವರು ಈಗ ಅರವತ್ತರ ಹತ್ತಿರ ಬಂದಿದ್ದಾರೆ. ಪೀಣ್ಯದ ಶೆಡ್ಡುಗಳಲ್ಲಿ ಲೇಥ್ ಓಡಿಸಿದವರು, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಿಷಿನ್ ತುಳಿದ ತಾಯಂದಿರು ಇವರಲ್ಲಿದ್ದಾರೆ. ಇವರೆಲ್ಲ ಈಗ ಕೇಳುವ ಮಾತು ಒಂದೇ: "ಅಣ್ಣಾ, ಇನ್ನೊಂದು ವರ್ಷ ತಳ್ಳಲೋ, ಬಿಟ್ಟುಬಿಡಲೋ?"

ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. 1953ರಲ್ಲಿ ಪಕ್ಕದ ಜಾಲಹಳ್ಳಿಗೆ ಎಚ್.ಎಂ.ಟಿ. ಬಂತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರದ ತಯಾರಿಕೆ ಶುರುವಾಯಿತು. ಅಲ್ಲಿ ಕೆಲಸ ಸಿಕ್ಕರೆ ನಿವೃತ್ತಿವರೆಗೂ ಚಿಂತೆಯಿಲ್ಲ ಅಂತ ಜನ ನಂಬಿದ್ದರು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉಳಿದಿದ್ದ ನೌಕರರಿಗೆ 2007ರ ವೇತನ ಶ್ರೇಣಿಯ ಲೆಕ್ಕದಲ್ಲಿ ಸ್ವಯಂ ನಿವೃತ್ತಿ ಪರಿಹಾರ ಅಂತ ಆಯಿತು. 'ಇನ್ನೊಂದು ವರ್ಷ' ಅನ್ನುವುದು ಯಾವಾಗಲೂ ನಮ್ಮ ಕೈಯಲ್ಲೇ ಇರುವುದಿಲ್ಲ ಎಂಬುದನ್ನು ಇದರಿಂದ ತಿಳಿಯಬೇಕು. ಆದ್ದರಿಂದ ಲೆಕ್ಕ ಮೊದಲೇ ತಯಾರಿರಲಿ.

ಮೊದಲನೆಯದು ವಯಸ್ಸಿನ ಲೆಕ್ಕ. ಮಾದರಿ ಸ್ಥಾಯಿ ಆದೇಶಗಳಿಗೆ ತಿದ್ದುಪಡಿ ತಂದು ರಾಜ್ಯ ಸರ್ಕಾರವು 2017ರಲ್ಲಿ ಖಾಸಗಿ ಕಾರ್ಖಾನೆಗಳ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಆದರೆ ಭವಿಷ್ಯನಿಧಿಯ ಪಿಂಚಣಿಗೆ 58 ವರ್ಷವೇ ಲೆಕ್ಕ. ಕನಿಷ್ಠ 10 ವರ್ಷ ಸೇವೆ ಆಗಿರಬೇಕು. ಐವತ್ತು ತುಂಬಿದ ಮೇಲೆ, ಕೆಲಸ ಬಿಟ್ಟವರು 58ಕ್ಕೆ ಮೊದಲೇ ಪಿಂಚಣಿ ಕೇಳಬಹುದು. ಆದರೆ ಮುಂಚಿತವಾದ ಪ್ರತಿ ವರ್ಷಕ್ಕೂ ಶೇಕಡಾ 4ರಂತೆ ಕಡಿತ. 3,000 ರೂಪಾಯಿ ಬರಬೇಕಾದವರು 57ಕ್ಕೇ ಕೇಳಿದರೆ 2,880 ರೂಪಾಯಿ. ಈ ಕಡಿತ ಒಂದು ವರ್ಷದ್ದಲ್ಲ, ಬದುಕಿರುವವರೆಗೂ ಇರುತ್ತದೆ.

ಇಲ್ಲಿ ಬಹಳ ಮಂದಿ ಗಮನಿಸದ ಒಂದು ವಿಷಯವಿದೆ. ಕೆಲಸ ಬಿಡುವುದು ಬೇರೆ, ಪಿಂಚಣಿ ಕೇಳುವುದು ಬೇರೆ. ಮೈ ಸಹಕರಿಸದೆ 56ಕ್ಕೇ ಕೆಲಸ ಬಿಟ್ಟರೂ, ಪಿಂಚಣಿ ಅರ್ಜಿಯನ್ನು 58 ತುಂಬಿದ ಮೇಲೆ ಹಾಕಿದರೆ ಈ ಕಡಿತವಿಲ್ಲ. ಎರಡು ವರ್ಷ ಹೇಗೋ ಸಂಸಾರ ತೂಗಿಸುವ ಶಕ್ತಿ ಇದ್ದವರು ಅವಸರದಲ್ಲಿ ಅರ್ಜಿ ಬರೆಯಬೇಡಿ. ಹಾಗೆಯೇ 58 ದಾಟಿದ ಮೇಲೆ ದುಡಿಯುತ್ತಲೇ ಪಿಂಚಣಿ ಪಡೆಯಬಹುದು. ಬೇಡವೆಂದು 60ರವರೆಗೆ ಮುಂದೂಡಿದರೆ ವರ್ಷಕ್ಕೆ ಶೇಕಡಾ 4ರಷ್ಟು ಹೆಚ್ಚು ಸಿಗುತ್ತದೆ.

ಎರಡನೆಯದು ಗ್ರಾಚ್ಯುಟಿ. ಒಂದು ವರ್ಷದ ಸೇವೆಗೆ ಹದಿನೈದು ದಿನದ ಸಂಬಳ. ತಿಂಗಳಿಗೆ 26 ದಿನ ಅಂತ ಹಿಡಿಯುತ್ತಾರೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ ಕೊನೆಯ ಸಂಬಳ 20,800 ರೂಪಾಯಿ ಇದ್ದರೆ ವರ್ಷಕ್ಕೆ 12,000 ರೂಪಾಯಿ, ಇಪ್ಪತ್ತೈದು ವರ್ಷಕ್ಕೆ 3 ಲಕ್ಷ. ಕೊನೆಯಲ್ಲಿ ಆರು ತಿಂಗಳಿಗೆ ಮೇಲ್ಪಟ್ಟ ಸೇವೆ ಇದ್ದರೆ ಅದನ್ನು ಪೂರ್ತಿ ವರ್ಷವೆಂದೇ ಲೆಕ್ಕ ಹಿಡಿಯಬೇಕು. ಐದು ತಿಂಗಳಿಗೆ ಬಿಡುವವರು ಇನ್ನೆರಡು ತಿಂಗಳು ತಾಳಿದರೆ ಒಂದು ವರ್ಷದ ಹಣ ಸೇರುತ್ತದೆ. ಸಂಬಳ ಹೆಚ್ಚಳದ ಒಪ್ಪಂದ ಬಾಕಿ ಇದ್ದರೆ ಅದನ್ನೂ ವಿಚಾರಿಸಿ. ಯಾಕೆಂದರೆ ಹೆಚ್ಚಿದ ಸಂಬಳದ ಮೇಲೆ ಹಿಂದಿನ ಎಲ್ಲ ವರ್ಷಗಳ ಲೆಕ್ಕವೂ ಹೆಚ್ಚುತ್ತದೆ.

ಮೂರನೆಯದು ಆಸ್ಪತ್ರೆ. ಐದು ವರ್ಷ ಇ.ಎಸ್.ಐ. ವಿಮೆಯಲ್ಲಿದ್ದು ವಯೋನಿವೃತ್ತಿ, ಸ್ವಯಂ ನಿವೃತ್ತಿ ಅಥವಾ ಅವಧಿಗೆ ಮುಂಚಿನ ನಿವೃತ್ತಿ ಪಡೆದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆ. ಬರೀ 'ರಾಜೀನಾಮೆ' ಅಂತ ಬರೆದುಕೊಡುವ ಮುನ್ನ, ಕಾಗದದ ಮೇಲೆ ಯಾವ ಪದ ಇರಬೇಕು ಎಂದು ಇ.ಎಸ್.ಐ. ಕಚೇರಿಯಲ್ಲಿ ಕೇಳಿಕೊಳ್ಳಿ. ಒಂದು ಪದದಿಂದ ಮುದಿತನದ ಔಷಧಿ ತಪ್ಪಿಹೋಗಬಾರದು.

ಇನ್ನು ಸಂಘದ ಮಾತು. ನಿವೃತ್ತಿ ಅಂದರೆ ನಮ್ಮ ಮನೆಯ ವಿಷಯ ಅಂದುಕೊಳ್ಳುತ್ತೇವೆ. ಸಾಲ ಬಾಕಿ ಇದ್ದರೆ ಅದು ಜಾಮೀನು ಹಾಕಿದ ನೆರೆಯವರ ಮನೆಯ ವಿಷಯವೂ ಹೌದು. ಸಂಬಳ ನಿಂತ ಮೇಲೆ ಕಂತು ನಿಂತರೆ ನೋಟೀಸು ಹೋಗುವುದು ಅವರ ಬಾಗಿಲಿಗೆ. ಇಪ್ಪತ್ತು ವರ್ಷದ ಸ್ನೇಹ ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ನಾವು ಹೇಳುವುದಿಷ್ಟು: ಸಾಲ ಇದೆ, ಮೈಯಲ್ಲಿ ಶಕ್ತಿಯೂ ಇದೆ ಎಂದಾದರೆ ಇನ್ನೊಂದು ವರ್ಷ ಮಾಡಿ. ಆದರೆ ಆ ವರ್ಷಕ್ಕೆ ಒಂದು ಹೆಸರಿಡಿ. 'ಇದು ಸಂಘದ ಸಾಲ ತೀರಿಸುವ ವರ್ಷ' ಅಂತ ಮನೆಯವರೆಲ್ಲರ ಎದುರು ಹೇಳಿ. ಹೆಸರಿಲ್ಲದ ವರ್ಷದ ಸಂಬಳ ಹೆಸರಿಲ್ಲದ ಖರ್ಚಿಗೇ ಹೋಗುತ್ತದೆ.

ಸಾಲ ತೀರಿದೆ, ಆದರೆ ಕಣ್ಣು ಮಂಜಾಗಿದೆ, ಪ್ರೆಸ್ ಮಿಷಿನ್ ಮುಂದೆ ಕೈ ನಡುಗುತ್ತದೆ ಅನ್ನುವವರು ಒಂದು ದಿನವೂ ತಳ್ಳಬೇಡಿ. ಹನ್ನೆರಡು ಸಾವಿರದ ಆಸೆಗೆ ಬೆರಳು ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ಮಕ್ಕಳಿಗೂ ಒಂದು ಮಾತು. "ಅಪ್ಪಾಜಿ, ಇನ್ನೊಂದು ವರ್ಷ ಹೋಗಿ" ಅನ್ನುವ ಮೊದಲು ರಾತ್ರಿ ಪಾಳಿ ಮುಗಿಸಿ ಬಂದ ಅವರ ಕಾಲನ್ನು ಒಮ್ಮೆ ನೋಡಿ. ಮನೆಗೆಲಸ ಮುಗಿಸಿ ಗಾರ್ಮೆಂಟ್ಸ್‌ಗೆ ಓಡುವ ಅಮ್ಮನಿಗೆ ಎರಡು ಪಾಳಿ. ಅವರು ಕಾರ್ಖಾನೆ ಬಿಟ್ಟರೂ ಒಂದು ಪಾಳಿ ಮನೆಯಲ್ಲಿ ಉಳಿದೇ ಇರುತ್ತದೆ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದು ಹಿರಿಯರು ಹೇಳಿದ್ದಾರೆ. ಒಟ್ಟಾಗಿ ಬಂದ ಹಣ ನೋಡಿ ಮಹಡಿ ಕಟ್ಟಲು, ಅದ್ಧೂರಿ ಮದುವೆ ಮಾಡಲು ಹೊರಡಬೇಡಿ. ಮೊದಲು ಜಾಮೀನು ಬಿಡಿಸಿ. ಒಂದು ಭಾಗವನ್ನು ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಠೇವಣಿ ಇಡಿ. ಉಳಿದದ್ದು ಆಮೇಲೆ. ಅರ್ಜಿ ಬರೆಯುವ ಹಿಂದಿನ ದಿನ ಪಾಸ್‌ಬುಕ್, ಸಂಬಳದ ಚೀಟಿ ಹಿಡಿದು ಸಂಘದ ಕಚೇರಿಗೆ ಬನ್ನಿ. ಕೂತು ಲೆಕ್ಕ ಹಾಕೋಣ. ಇಪ್ಪತ್ತೈದು ವರ್ಷದಿಂದ ಸಂಘ ಇರುವುದು ಇದಕ್ಕೇ.



ಜೈ ಹಿಂದ್. ಜೈ ಕರ್ನಾಟಕ.